ಅರ್ಧಕ್ಕೆ ಕತ್ತರಿಸಿದರೂ ಸುಳ್ಳಾಗದ ಹೆಡ್ಡಿಂಗ್

ಪ್ರಶ್ನೆ: ನಾವು ಮೂವರು ಗೆಳೆಯರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಂದು ಚಿಕ್ಕ ಕನ್ನಡ ಸುದ್ದಿ ವೆಬ್‌ಸೈಟ್ ನಡೆಸುತ್ತಿದ್ದೇವೆ. ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಕಡೆಯ ಸುದ್ದಿ ಹಾಕುತ್ತೇವೆ. ಲಿಂಕ್ ಹೋಗುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ. ಇದ್ದದ್ದನ್ನು ಇದ್ದ ಹಾಗೆ ಹೆಡ್ಡಿಂಗ್ ಕೊಟ್ಟರೆ ಯಾರೂ ಒತ್ತುವುದಿಲ್ಲ (ಅಂಥ ಕೆಲವು ವರದಿಗಳನ್ನು ಇದರ ಜೊತೆ ಕಳಿಸಿದ್ದೇವೆ). ‘ಬೆಚ್ಚಿಬೀಳಿಸುವ ಘಟನೆ’ ಅಂತ ಹಾಕಿದರೆ ಬರುತ್ತಾರೆ, ಬಂದು ಬೈದು ಹೋಗುತ್ತಾರೆ. ಈ ಮಳೆಗಾಲದಲ್ಲಿ ಇನ್ನೊಂದು ತಮಾಷೆ ಆಯಿತು. ‘ಜಿಲ್ಲೆಯಾದ್ಯಂತ ಭಾರಿ ಮಳೆ ಮುಂದುವರಿಕೆ, ನಾಳೆ ಶಾಲಾ ಕಾಲೇಜುಗಳಿಗೆ ರಜೆ ಇರುವುದಿಲ್ಲ’ ಎಂದು ಹಾಕಿದೆವು. ಕೆಲವರು ರಜೆ ಅಂತಲೇ ಓದಿಕೊಂಡು ಮಕ್ಕಳನ್ನು ಮನೆಯಲ್ಲಿ ಕೂರಿಸಿದರು. ನಮ್ಮ ಹೆಡ್ಡಿಂಗಿನಲ್ಲಿ ತಪ್ಪೇನಿತ್ತು? ಸರಿಯಾಗಿಯೂ ಇರಬೇಕು, ಜನ ಓದಲೂ ಬೇಕು. ಅಂಥದ್ದನ್ನು ಬರೆಯುವುದು ಹೇಗೆ?

ಉತ್ತರ:

ಮೊದಲು ರಜೆಯ ವಿಷಯ. ನಿಮ್ಮ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಓದುಗರಿಗೆ ಆ ವಾಕ್ಯ ಪೂರ್ತಿ ತಲುಪಲೇ ಇಲ್ಲ. ಫೋನಿನಲ್ಲಿ ಲಿಂಕ್ ಕಾರ್ಡಿನ (ಲಿಂಕ್ ಕಳಿಸಿದಾಗ ಹೆಡ್ಡಿಂಗ್ ತೋರಿಸುವ ಚೌಕದ) ಮೇಲೆ ಅವರಿಗೆ ಕಂಡದ್ದು ಬಹುಶಃ ಇಷ್ಟು: ‘ಜಿಲ್ಲೆಯಾದ್ಯಂತ ಭಾರಿ ಮಳೆ ಮುಂದುವರಿಕೆ, ನಾಳೆ ಶಾಲಾ ಕಾಲೇಜುಗಳಿಗೆ ರಜೆ…’ ಆ ಮೂರು ಚುಕ್ಕಿಯ ಹಿಂದೆ ‘ಇರುವುದಿಲ್ಲ’ ಅಡಗಿ ಕೂತಿತ್ತು. ಮಳೆ ಸುರಿಯುವಾಗ ‘ರಜೆ’ ಎಂದು ಕಂಡ ಮೇಲೆ ಲಿಂಕ್ ಒತ್ತಿ ನೋಡುವ ವ್ಯವಧಾನ ಯಾವ ಮನೆಯಲ್ಲಿ ಇರುತ್ತದೆ, ಹೇಳಿ?

ಇದು ಕನ್ನಡದಲ್ಲಿ ಬರೆಯುವವರಿಗೆ ಇರುವ ದೊಡ್ಡ ಅಪಾಯ. ಇಂಗ್ಲಿಷ್ ಪಾಠಗಳನ್ನು ನೋಡಿ ಹೆಡ್ಡಿಂಗ್ ಕಲಿತವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲ, ಅಲ್ಲ, ಸುಳ್ಳು, ರದ್ದು, ಮುಂದೂಡಿಕೆ, ಆರೋಪ, ಶಂಕೆ, ಎಂದು ದೂರು, ಎಂಬ ವದಂತಿ ಎಲ್ಲವೂ ಬಾಲದಲ್ಲೇ. ಸುದ್ದಿಯ ಅರ್ಥವನ್ನೇ ತಿರುಗಿಸುವ ಮಾತುಗಳು ಇವೇ. ಫೋನ್ ಕತ್ತರಿಸುವುದೂ ಬಾಲವನ್ನೇ. ‘ಬ್ಯಾಂಕ್ ನೌಕರನಿಂದ ಲಕ್ಷಾಂತರ ರೂಪಾಯಿ ವಂಚನೆ ಆರೋಪ’ ಎಂಬುದರಲ್ಲಿ ಕೊನೆಯ ಪದ ಹೋದರೆ ಒಬ್ಬ ಮನುಷ್ಯನನ್ನು ನೀವೇ ತಪ್ಪಿತಸ್ಥ ಎಂದು ತೀರ್ಪು ಕೊಟ್ಟ ಹಾಗಾಯಿತು.

ಆದ್ದರಿಂದ ನನ್ನ ಮೊದಲ ಸಲಹೆ: ಬರೆದ ಹೆಡ್ಡಿಂಗಿನ ಕೊನೆಯ ಎರಡು ಪದ ಕೈಯಿಂದ ಮುಚ್ಚಿ ಓದಿ. ಉಳಿದದ್ದು ಅಪೂರ್ಣವಾಗಿದ್ದರೆ ಪರವಾಗಿಲ್ಲ. ಸುಳ್ಳಾಗಿದ್ದರೆ ತಿರುಗಿಸಿ ಬರೆಯಿರಿ. ‘ರಜೆ ಇಲ್ಲ: ಕಾಸರಗೋಡು ಜಿಲ್ಲೆಯಲ್ಲಿ ಜುಲೈ 16ರಂದು ಎಂದಿನಂತೆ ಶಾಲೆ’. ಇದನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಯಾವ ಮಗುವಿನ ಹಾಜರಿಯೂ ಹೋಗುವುದಿಲ್ಲ. ವಂಚನೆಯ ಸುದ್ದಿಗೆ ‘ವಂಚನೆ ದೂರು: ಬ್ಯಾಂಕ್ ನೌಕರನ ವಿರುದ್ಧ ಕೇಸು’. ಆ ಎರಡು ಚುಕ್ಕಿ, ಅಂದರೆ ಕೋಲನ್, ಕನ್ನಡದ ಹೆಡ್ಡಿಂಗಿಗೆ ಬಹಳ ಉಪಕಾರಿ. ಬಾಲದ ಮಾತನ್ನು ತಲೆಗೆ ತರಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ವದಂತಿಯನ್ನು ಸುಳ್ಳು ಎಂದು ಹೇಳುವಾಗ ಇನ್ನೂ ಜಾಗ್ರತೆ ಬೇಕು. ‘ತಲಪಾಡಿ ಗಡಿ ಮತ್ತೆ ಬಂದ್ ಆಗಲಿದೆ ಎಂಬುದು ಸುಳ್ಳು’ ಎಂದು ಬರೆದರೆ, ಕತ್ತರಿಸಿದಾಗ ನೀವೇ ವದಂತಿ ಹಬ್ಬಿಸಿದಂತೆ. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಕರ್ನಾಟಕ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಇಲ್ಲಿನ ರೋಗಿಗಳು ತೀರಿಕೊಂಡದ್ದು ನಿಮ್ಮ ಓದುಗರಿಗೆ ಮರೆತಿಲ್ಲ. ಇಲ್ಲಿ ‘ಗಡಿ ಬಂದ್’ ಎಂಬ ಎರಡು ಪದ ಸುಮ್ನೆ ಓಡಾಡಬಾರದು. ನಿಜವನ್ನು ಮುಂದೆ ಇಡಿ: ‘ತಲಪಾಡಿ ಗಡಿ ತೆರೆದೇ ಇದೆ, ವಾಟ್ಸ್‌ಆ್ಯಪ್ ಸಂದೇಶ ಸುಳ್ಳು’.

ಇನ್ನು ಒತ್ತದೆ ಇರುವವರ ವಿಷಯ. ಜನ ಲಿಂಕ್ ಒತ್ತುವುದಿಲ್ಲ ಎಂದು ಬೇಸರಪಡುತ್ತೀರಿ. ಇದು ಬದಿಯಡ್ಕದ ರೋಗವಲ್ಲ, ಲೋಕದ್ದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು 2016ರಲ್ಲಿ ಟ್ವಿಟರಿನ ಲಿಂಕುಗಳನ್ನು ಲೆಕ್ಕ ಹಾಕಿದಾಗ, ಹಂಚಿಕೊಂಡ ಸುದ್ದಿ ಲಿಂಕುಗಳಲ್ಲಿ ನೂರಕ್ಕೆ 59ನ್ನು ಯಾರೂ ಒಮ್ಮೆಯೂ ಒತ್ತಿರಲಿಲ್ಲ. ಅಂದರೆ ಬಹಳಷ್ಟು ಮಂದಿಗೆ ಹೆಡ್ಡಿಂಗೇ ಸುದ್ದಿ. ಪೂರ್ತಿ ಓದಿದವರೂ ಪಾರಲ್ಲ. ಮನಶ್ಶಾಸ್ತ್ರಜ್ಞ ಉಲ್ರಿಚ್ ಎಕರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಾರಿ ತಪ್ಪಿಸುವ ಹೆಡ್ಡಿಂಗ್ ನೋಡಿ ಆಮೇಲೆ ಸರಿಯಾದ ಲೇಖನ ಓದಿದವರ ನೆನಪು ಕೂಡ ಹೆಡ್ಡಿಂಗಿನ ಕಡೆಗೇ ವಾಲಿತ್ತು. ‘ಒಳಗೆ ಸರಿಯಾಗಿ ಬರೆದಿದ್ದೇವಲ್ಲ’ ಎಂಬ ಸಮಾಧಾನ ಡೆಸ್ಕಿನಲ್ಲಿ ಕೂತವರಿಗೆ ಮಾತ್ರ.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತದೆ: ಯಾವ ರಾಜ್ಯದ್ದು? ನಿಮ್ಮ ಓದುಗರ ಫೋನಿಗೆ ಬೆಳಿಗ್ಗೆ ಮಂಗಳೂರಿನ ಸುದ್ದಿ, ಮಧ್ಯಾಹ್ನ ತಿರುವನಂತಪುರದ್ದು, ಸಂಜೆ ಬೆಂಗಳೂರಿನದ್ದು ಬರುತ್ತದೆ. ಎಲ್ಲವೂ ಕನ್ನಡದಲ್ಲೇ. ನೀವು ಬರೆದ ‘ಜಿಲ್ಲೆಯಾದ್ಯಂತ’ ಯಾವ ಜಿಲ್ಲೆ? ಮಂಜೇಶ್ವರದ ಮನೆಯಲ್ಲಿ ಒಬ್ಬ ಮಗ ಉಪ್ಪಳದ ಶಾಲೆಗೆ, ಮಗಳು ಮಂಗಳೂರಿನ ಕಾಲೇಜಿಗೆ ಹೋಗುತ್ತಿರುತ್ತಾರೆ. ದಕ್ಷಿಣ ಕನ್ನಡದ ರಜೆ ಬೇರೆ, ಕಾಸರಗೋಡಿನ ರಜೆ ಬೇರೆ. ಆ ತಾಯಿಗೆ ಎರಡೂ ಬೇಕು, ಬೆರಕೆಯಾಗಿ ಅಲ್ಲ.

ಎಸ್ಸೆಸ್ಸೆಲ್ಸಿ ಎಂಬ ಪರೀಕ್ಷೆ ಎರಡೂ ರಾಜ್ಯದಲ್ಲಿ ಉಂಟು. ‘ನಾಳೆ ಎಸ್ಸೆಸ್ಸೆಲ್ಸಿ ಫಲಿತಾಂಶ’ ಎಂದರೆ ಅರ್ಧ ಊರಿಗೆ ಸುಮ್ಮನೆ ಹೊಟ್ಟೆ ಚುರ್ ಎನ್ನುತ್ತದೆ. ಕೆಎಸ್‌ಆರ್‌ಟಿಸಿ ಎಂಬ ಹೆಸರಿಗಾಗಿ ಎರಡು ರಾಜ್ಯಗಳ ಸಾರಿಗೆ ನಿಗಮಗಳು ವರ್ಷಗಟ್ಟಲೆ ಜಗಳವಾಡಿದವು. ‘ಕೆಎಸ್‌ಆರ್‌ಟಿಸಿ ನೌಕರರ ಮುಷ್ಕರ’ ಎಂದು ಬೆಂಗಳೂರಿನ ಪತ್ರಿಕೆ ಬರೆದರೆ ನಡೆಯುತ್ತದೆ. ಕಾಸರಗೋಡು ಸ್ಟ್ಯಾಂಡಿನಲ್ಲಿ ಎರಡೂ ನಿಗಮದ ಬಸ್ಸು ನಿಂತಿರುವಾಗ ನೀವು ಹಾಗೆ ಬರೆಯುವಂತಿಲ್ಲ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಅದು ಕರ್ನಾಟಕದ ಮಹಿಳೆಯರಿಗೆ ಇರುವ ಯೋಜನೆ. ಅದರ ಸುದ್ದಿಗೆ ‘ಮಹಿಳೆಯರಿಗೆ ಬಸ್ ಫ್ರೀ’ ಎಂದಷ್ಟೇ ಇಲ್ಲಿ ಹೆಡ್ಡಿಂಗ್ ಕೊಟ್ಟರೆ, ನಂಬಿ ಬಸ್ ಹತ್ತಿದವರು ಕಂಡಕ್ಟರ್ ಹತ್ತಿರ ಮಾತು ಕೇಳಬೇಕಾಗುತ್ತದೆ. ರೇಷನ್ ಕಾರ್ಡಿನ ಸುದ್ದಿಯೂ ಹಾಗೆಯೇ. ಕರ್ನಾಟಕದ್ದು ಬಿಪಿಎಲ್, ಎಪಿಎಲ್ ಲೆಕ್ಕ. ನಮ್ಮಲ್ಲಿ ಜನ ಗುರುತಿಸುವುದು ಹಳದಿ, ಗುಲಾಬಿ, ನೀಲಿ, ಬಿಳಿ ಎಂಬ ಬಣ್ಣದಿಂದ. ‘ನೀಲಿ ಕಾರ್ಡಿಗೆ ಈ ತಿಂಗಳು ಎಷ್ಟು ಅಕ್ಕಿ?’ ಎಂದು ಹಾಕಿ ನೋಡಿ, ನೀಲಿ ಕಾರ್ಡಿನವರೆಲ್ಲ ಒತ್ತುತ್ತಾರೆ. ಅವರಿಗೆ ತಮ್ಮ ಹೆಸರು ಹಿಡಿದು ಕರೆದ ಹಾಗಾಗುತ್ತದೆ.

‘ರಾಜ್ಯ ಸರ್ಕಾರ’, ‘ಮುಖ್ಯಮಂತ್ರಿ’, ‘ಜಿಲ್ಲಾಧಿಕಾರಿ’ ಎಂಬವನ್ನು ಒಂಟಿಯಾಗಿ ಬಿಡಬೇಡಿ. ಕೇರಳ ಸರ್ಕಾರ, ಕಾಸರಗೋಡು ಕಲೆಕ್ಟರ್ ಎನ್ನಿ. ಒಂದು ಪದ ಜಾಸ್ತಿ ಆಗುತ್ತದೆ, ಆಗಲಿ. ‘ನಾಳೆ’, ‘ಇಂದು’ ಕೂಡ ಹಾಗೆಯೇ. ಗ್ರೂಪಿನಿಂದ ಗ್ರೂಪಿಗೆ ದಾಟಿ ಮೂರು ದಿನದ ಮೇಲೆ ನಿಮ್ಮ ಲಿಂಕ್ ಪೆರ್ಲದಲ್ಲಿ ತೆರೆದುಕೊಂಡರೆ ಆ ‘ನಾಳೆ’ ಯಾವ ದಿನ? ಮಳೆಯ ಎಚ್ಚರಿಕೆಗೆ ತಾರೀಕು ಇರಲೇಬೇಕು, ಬಣ್ಣವೂ ಇರಬೇಕು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಸಾಧ್ಯತೆ, ಯೆಲ್ಲೋ ಎಂದರೆ 64.5ರಿಂದ 115.5. ಎರಡಕ್ಕೂ ‘ಭಾರಿ ಮಳೆ ಮುನ್ನೆಚ್ಚರಿಕೆ’ ಎಂದೇ ಬರೆದರೆ ರೆಡ್ ಬಂದ ದಿನ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅಡಿಕೆಯ ಮಾತು ಬಿಡುವುದು ಹೇಗೆ? ‘ಅಡಿಕೆಗೆ ದಾಖಲೆ ಬೆಲೆ’ ಎಂಬ ಹೆಡ್ಡಿಂಗ್ ನೋಡಿ ನೀರ್ಚಾಲಿನ ಕೃಷಿಕರು ಹಿಗ್ಗಿ ಒತ್ತಿದರೆ ಒಳಗೆ ಶಿವಮೊಗ್ಗದ ರಾಶಿ ಅಡಿಕೆ, ಕ್ವಿಂಟಾಲ್ ಲೆಕ್ಕ. ಇವರ ಅಂಗಳದಲ್ಲಿ ಒಣಗುತ್ತಿರುವುದು ಬೇಯಿಸದ ಚಾಲಿ ಅಡಿಕೆ, ಕಿಲೋ ಲೆಕ್ಕ. ಅದರಲ್ಲೂ ಹೊಸತು, ಹಳತು ಎಂದು ಬೇರೆ ಬೇರೆ ದರ. ‘ಹಳೆ ಅಡಿಕೆ ಕಿಲೋಗೆ 10 ರೂ. ಏರಿಕೆ, ಹೊಸತು ಇದ್ದಲ್ಲೇ’ ಎಂದು ಹೇಳಿದರೆ ಹೆಡ್ಡಿಂಗಿನಲ್ಲೇ ಕೆಲಸ ಮುಗಿಯುತ್ತದೆ. ‘ಹಾಗಾದರೆ ಯಾರು ಒತ್ತುತ್ತಾರೆ?’ ಎಂದು ಕೇಳುತ್ತೀರಿ, ಅಲ್ವಾ? ಮಾರುವ ಯೋಚನೆಯಲ್ಲಿ ಇರುವವರು ಖಂಡಿತ ಒತ್ತುತ್ತಾರೆ, ಯಾವ ಮಾರುಕಟ್ಟೆ, ಇನ್ನೂ ಏರುತ್ತದಾ ಎಂದು ತಿಳಿಯಲು. ಉಳಿದವರು ಒತ್ತುವುದಿಲ್ಲ. ಆದರೆ ನಾಳೆ ದರ ಬೇಕಾದಾಗ ನಿಮ್ಮ ಹತ್ತಿರ ಬರುತ್ತಾರೆ.

‘ಬೆಚ್ಚಿಬೀಳಿಸುವ’ ಹೆಡ್ಡಿಂಗಿಗೆ ಜನ ಬರುತ್ತಾರೆ ಎಂದು ನೀವು ಹೇಳಿದ್ದು ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಅಪ್‌ವರ್ದಿ ಎಂಬ ತಾಣ ಇದನ್ನೇ ಬಂಡವಾಳ ಮಾಡಿಕೊಂಡಿತು. ಪ್ರತಿ ಬರಹಕ್ಕೂ 25 ಹೆಡ್ಡಿಂಗ್ ಬರೆಸಿ, ಯಾವುದು ಕುತೂಹಲ ಕೆರಳಿಸುತ್ತದೋ ಅದನ್ನು ಆರಿಸುತ್ತಿತ್ತು. ಓದುಗರು ಮುಗಿಬಿದ್ದರು. 2014ರ ಆಗಸ್ಟಿನಲ್ಲಿ ಫೇಸ್‌ಬುಕ್, ಒತ್ತಿದವರು ಒಳಗೆ ಎಷ್ಟು ಹೊತ್ತು ನಿಂತರು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳುತ್ತೇವೆ ಎಂದಿತು. ಒತ್ತಿ ತಕ್ಷಣ ವಾಪಸ್ ಬಂದರೆ ಆ ಲಿಂಕ್ ಕೆಳಗೆ. 2016ರಲ್ಲಿ ಇನ್ನೂ ಬಿಗಿ ಮಾಡಿತು. ಗೂಗಲ್ ಕೂಡ, ಫೋನಿನಲ್ಲಿ ತಾನೇ ಆರಿಸಿ ತೋರಿಸುವ ಡಿಸ್ಕವರ್ ಪಟ್ಟಿಗೆ ಬರಬೇಕಾದರೆ ಮುಖ್ಯ ಸಂಗತಿ ಮುಚ್ಚಿಟ್ಟು ಆಸೆ ತೋರಿಸುವ ಹೆಡ್ಡಿಂಗ್ ಬೇಡ ಎನ್ನುತ್ತದೆ. ಇದು ಅವರ ಲೆಕ್ಕ. ನಿಮ್ಮ ಲೆಕ್ಕ ಇನ್ನೂ ಚಿಕ್ಕದು, ಇನ್ನೂ ಖಾರದ್ದು. ನಿಮ್ಮ ಓದುಗರು ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಊಟದಲ್ಲಿ ಎದುರು ಸಿಗುವವರು. ಎರಡು ಸಲ ಮೋಸ ಹೋದವರು ನಿಮ್ಮ ಲಿಂಕ್ ಕಂಡರೆ ಗ್ರೂಪಿನಲ್ಲೇ ‘ಇವರದ್ದು ಬಿಡಿ ಮಾರಾಯ್ರೇ’ ಎನ್ನುತ್ತಾರೆ. ಆ ಮಾತು ಒಮ್ಮೆ ಬಿದ್ದರೆ ನಿಮ್ಮ ಒಳ್ಳೆಯ ಸುದ್ದಿಗೂ ಅದೇ ಗತಿ.

ಹಾಗಂತ ಸಪ್ಪೆ ಹೆಡ್ಡಿಂಗ್ ಸತ್ಯವಂತ ಎಂದೂ ಅಲ್ಲ. ನೀವು ‘ಇದ್ದದ್ದನ್ನು ಇದ್ದ ಹಾಗೆ’ ಎಂದು ಕಳಿಸಿದ ಮಾದರಿಗಳಲ್ಲಿ ಒಂದು: ‘ಕಾಡುಹಂದಿ ಹಾವಳಿ, ರೈತರು ಕಂಗಾಲು’. ಇದರಲ್ಲಿ ಇದ್ದದ್ದು ಎಲ್ಲಿದೆ? ಹಂದಿ ಬಂದದ್ದು ಎಲ್ಲಿಗೆ, ಹಾಳಾದದ್ದು ಏನು, ಎಷ್ಟು? ನಿಮ್ಮ ವರದಿಯ ನಾಲ್ಕನೇ ಪ್ಯಾರಾದಲ್ಲಿ ಒಂದೇ ರಾತ್ರಿ 40 ಬಾಳೆ ಗಿಡ ಹೋಯಿತು ಎಂದು ಇದೆ. ಚಿನ್ನದಂಥ ಮಾತು ಅಲ್ಲಿ ಹೂತು ಹೋಗಿದೆ. ‘ಒಂದೇ ರಾತ್ರಿ 40 ಬಾಳೆ ನೆಲಸಮ: ಎಣ್ಮಕಜೆಯಲ್ಲಿ ಕಾಡುಹಂದಿ ದಾಳಿ’ ಎಂದು ಬರೆಯಿರಿ. ಇದರಲ್ಲಿ ಉತ್ಪ್ರೇಕ್ಷೆ ಒಂದು ಅಕ್ಷರವೂ ಇಲ್ಲ, ಆದರೂ ಕಣ್ಣು ನಿಲ್ಲುತ್ತದೆ. ಹೆಡ್ಡಿಂಗ್ ಹೊಳೆಯದಿದ್ದರೆ ಹೆಚ್ಚಿನ ಸಲ ವರದಿಯೇ ಬಡವಾಗಿರುತ್ತದೆ. ಆಗ ಫೋನ್ ಎತ್ತಿ ಇನ್ನೊಂದು ಪ್ರಶ್ನೆ ಕೇಳಬೇಕು, ಇನ್ನೊಂದು ವಿಶೇಷಣ ಹುಡುಕಬಾರದು.

ಕಂಗಾಲು, ತತ್ತರ, ಹೈರಾಣು, ಬಿಗ್ ಶಾಕ್, ಗುಡ್ ನ್ಯೂಸ್, ಭುಗಿಲೆದ್ದ ಆಕ್ರೋಶ. ಈ ಸಾಮಾನುಗಳನ್ನು ಒಂದು ತಿಂಗಳು ಬೀಗ ಹಾಕಿ ಇಡಿ. ‘ಆಕ್ರೋಶ’ದ ಮೇಲೆ ನನಗೆ ವಿಶೇಷ ಸಿಟ್ಟು. ಫೇಸ್‌ಬುಕ್ಕಿನಲ್ಲಿ ಇಬ್ಬರು ಬೈದರೆ ಅದು ಸಾರ್ವಜನಿಕರ ಆಕ್ರೋಶವಲ್ಲ. ಯಾರು ಪ್ರತಿಭಟಿಸಿದರು, ಎಲ್ಲಿ ಕೂತರು, ಏನು ಕೇಳಿದರು ಎಂದು ಬರೆದರೆ ಆಕ್ರೋಶ ತಾನೇ ಕಾಣುತ್ತದೆ.

ಜಾಗ ಉಳಿಸಲು ವಿಭಕ್ತಿ ಕತ್ತರಿಸುವ ಚಾಳಿ ಇನ್ನೊಂದು. ‘ಅಧ್ಯಾಪಕ ಹಲ್ಲೆ: ಕೇಸು’. ಹೊಡೆದವರು ಅಧ್ಯಾಪಕರಾ, ಹೊಡೆಸಿಕೊಂಡವರಾ? ‘ಇಂದ’ ಅಥವಾ ‘ಮೇಲೆ’ ಇಲ್ಲದೆ ಆ ಹೆಡ್ಡಿಂಗ್ ಮುಗಿದಿಲ್ಲ. ಕೇಸು ದಾಖಲು, ವಶಕ್ಕೆ, ಬಂಧನ, ದೋಷಿ ಇವೂ ಒಂದರ ಬದಲು ಒಂದು ಹಾಕುವ ಪದಗಳಲ್ಲ. ವಿಚಾರಣೆಗೆ ಠಾಣೆಗೆ ಕರೆದೊಯ್ದವರು ಸಂಜೆ ಮನೆಗೆ ಬಂದಿರುತ್ತಾರೆ. ನಿಮ್ಮ ‘ಬಂಧನ’ ಗಲ್ಫಿನ ತನಕ ತಲುಪಿರುತ್ತದೆ.

ಆದೇಶವನ್ನೂ ಹಣವನ್ನೂ ಬೆರೆಸುವುದು ಇದೇ ಜಾತಿಯ ತಪ್ಪು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಅಂಥ ಸುದ್ದಿಗೆ ‘ಸಂತ್ರಸ್ತರಿಗೆ 5 ಲಕ್ಷ ಪರಿಹಾರ’ ಎಂದು ಬರೆಯಲು ಕೈ ತುರಿಸುತ್ತದೆ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಲೆಕ್ಕ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. ‘5 ಲಕ್ಷ ಕೊಡಿ: ಸುಪ್ರೀಂ ಕೋರ್ಟ್ ಆದೇಶ’ ಎಂಬ ಹೆಡ್ಡಿಂಗ್ ಐದು ವರ್ಷದ ನಂತರವೂ ನಿಜವಾಗಿ ನಿಂತಿರುತ್ತದೆ, ಮೊದಲನೆಯದು ನಿಲ್ಲುವುದಿಲ್ಲ. ಹಳೆಯ ಲಿಂಕುಗಳು ಪದೇ ಪದೇ ಮೇಲೆ ಬರುವ ವಿಷಯ ಇದು, ಹಾಗಾಗಿ ಇಸವಿ ಸೇರಿಸಿದರೆ ಇನ್ನೂ ಒಳ್ಳೆಯದು.

ಅನಾಹುತದ ದಿನ ಅಂಕಿಯನ್ನು ಹೆಡ್ಡಿಂಗಿನಲ್ಲಿ ನೆಡುವಾಗ ಅದು ಬದಲಾಗುತ್ತದೆ ಎಂದು ತಿಳಿದೇ ನೆಡಿ. 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದಲ್ಲಿ ತೆಯ್ಯಂ ಉತ್ಸವದ ನಡುವೆ ಪಟಾಕಿ ಸಿಡಿದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ರಾತ್ರಿ ಸಾವಿನ ಸುದ್ದಿ ಇರಲಿಲ್ಲ. ಮುಂದಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ಸಾವುಗಳಾದವು. ಮೊದಲ ರಾತ್ರಿಯೇ ‘ಎಲ್ಲರೂ ಪಾರು’ ಎಂದು ಬರೆಯುವುದು ಎಷ್ಟು ಅವಸರವೋ, ‘ಹಲವರ ಸಾವಿನ ಶಂಕೆ’ ಎಂದು ಬರೆಯುವುದೂ ಅಷ್ಟೇ ಅವಸರ. ಯಾರು ಹೇಳಿದ ಅಂಕಿ ಎಂದು ಸೇರಿಸಿ. ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಲ್ಲಿ ಹೆಡ್ಡಿಂಗಿಗೆ ಪ್ರತ್ಯೇಕ ಜಾಗವೇ ಇದೆ: ಕೆಳಗಿನ ಸುದ್ದಿ ಅದನ್ನು ಸಮರ್ಥಿಸಬೇಕು, ಆರೋಪ ಇದ್ದರೆ ಮಾಡಿದವರು ಯಾರೆಂದು ಹೇಳಬೇಕು, ಇಲ್ಲವೇ ಕನಿಷ್ಠ ಉದ್ಧರಣ ಚಿಹ್ನೆ ಹಾಕಬೇಕು.

ಎರಡು ವಿಷಯದಲ್ಲಿ ಮಾತ್ರ ‘ಜಾಸ್ತಿ ವಿವರ ಕೊಡಿ’ ಎಂಬ ನನ್ನ ಸಲಹೆಯನ್ನು ಮರೆತುಬಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ಫೋಟೊ ಮಾತ್ರವಲ್ಲ, ಮನೆ, ಶಾಲೆ, ನೆರೆಹೊರೆ, ಮನೆಯವರ ವಿವರ ಯಾವುದೂ ಹೊರಬರಬಾರದು. ನಮ್ಮ ಊರುಗಳು ಚಿಕ್ಕವು. ವಾರ್ಡಿನ ಹೆಸರು ಹಾಕಿದರೆ ಮನೆ ತೋರಿಸಿದಂತೆಯೇ. ಆರೋಪಿ ಮಗುವಿನ ಸಂಬಂಧಿಕ ಎಂದು ಹೇಳಿ ಅವನ ಹೆಸರು ಹಾಕಿದರೂ ಅಷ್ಟೇ. ಅತ್ಯಾಚಾರಕ್ಕೆ ಒಳಗಾದವರ ಗುರುತಿಗೂ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಇನ್ನೊಂದು ಆತ್ಮಹತ್ಯೆ. ಹೇಗೆ, ಎಲ್ಲಿ ಎಂಬುದು ಹೆಡ್ಡಿಂಗಿನಲ್ಲಿ ಬೇಡವೇ ಬೇಡ, ಸಾಧ್ಯವಾದರೆ ಆ ಪದವೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಹೇಳುತ್ತದೆ. ‘ಯುವಕನ ಸಾವು: ಪೊಲೀಸ್ ತನಿಖೆ’ ಎಂದರೆ ಸಾಕು. ಒತ್ತುವವರು ಕಡಿಮೆಯಾದರೆ ಆಗಲಿ.

ಉದ್ದ ಎಷ್ಟಿರಬೇಕು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಿಬಿಸಿಯ ವೆಬ್ ಹೆಡ್ಡಿಂಗುಗಳಿಗೆ ಬಹಳ ಕಾಲ 33 ಅಕ್ಷರದ ಮಿತಿ ಇತ್ತು. ಕಾರಣ ತಮಾಷೆಯದು: ಟಿವಿ ಪರದೆಯಲ್ಲಿ ಅಕ್ಷರ ಮೂಡಿಸುತ್ತಿದ್ದ ಸೀಫ್ಯಾಕ್ಸ್ ಎಂಬ ಹಳೆಯ ಸೇವೆಯ ಸಾಲು ಅಷ್ಟೇ ಅಗಲ. ಆ ಬಡತನದಲ್ಲೇ ಅವರ ಡೆಸ್ಕ್ ಎಷ್ಟು ಪಳಗಿತೆಂದರೆ, 2009ರಲ್ಲಿ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಅವನ್ನು ಲೋಕದಲ್ಲೇ ಉತ್ತಮ ಎಂದರು. ಸರಾಸರಿ ಐದು ಪದ. ಕನ್ನಡದಲ್ಲಿ ಅಕ್ಷರ ಎಣಿಸಿ ಪ್ರಯೋಜನವಿಲ್ಲ. ಗೂಗಲ್ ಕತ್ತರಿಸುವುದು ಅಗಲ ನೋಡಿ, ನಮ್ಮ ಅಕ್ಷರಗಳು ಅಗಲ. ಏಳೆಂಟು ಪದ, ಮೊದಲ ನಾಲ್ಕರಲ್ಲಿ ಸುದ್ದಿಯ ಜೀವ. ಅಷ್ಟು ಸಾಕು. ಊರಿನ ಹೆಸರು ಓದುಗರು ಟೈಪ್ ಮಾಡುವ ಹಾಗೆ ಇರಲಿ, ಒಂದೇ ಊರನ್ನು ಒಂದು ದಿನ ಕಾಞಂಗಾಡ್, ಇನ್ನೊಂದು ದಿನ ಹೊಸದುರ್ಗ ಎಂದು ಬದಲಿಸಬೇಡಿ.

ಲಿಂಕಿನ ವಿಳಾಸವನ್ನು ಮಾತ್ರ ಕನ್ನಡದಲ್ಲಿ ಬಿಡಬೇಡಿ. ಕಾಪಿ ಮಾಡಿ ಅಂಟಿಸುವಾಗ ಒಂದೊಂದು ಕನ್ನಡ ಅಕ್ಷರ ಅಥವಾ ಗುಣಿತದ ಚಿಹ್ನೆ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ‘ಕಾಸರಗೋಡು’ ಒಂದಕ್ಕೇ 72. ಗ್ರೂಪಿನಲ್ಲಿ ಅದನ್ನು ನೋಡಿದವರು ವೈರಸ್ ಎಂದುಕೊಳ್ಳುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಪದದ ವಿಳಾಸ ಕೊಡಿ.

ತಿದ್ದುವ ವಿಷಯ ಒಂದು ಬಾಕಿ ಇದೆ. ಸೈಟಿನಲ್ಲಿ ಹೆಡ್ಡಿಂಗ್ ಬದಲಿಸಿದರೆ ಗ್ರೂಪಿನಲ್ಲಿ ಆಗಲೇ ಕೂತ ಕಾರ್ಡ್ ಬದಲಾಗುವುದಿಲ್ಲ. ಕಳಿಸಿದ ಕ್ಷಣದಲ್ಲಿ ಏನಿತ್ತೋ ಅದೇ ಅಲ್ಲಿ ಉಳಿಯುತ್ತದೆ. ಆದ್ದರಿಂದ ಸುಮ್ಮನೆ ಒಳಗೊಳಗೆ ತಿದ್ದಿ ಕೈತೊಳೆದುಕೊಳ್ಳಬೇಡಿ. ಅದೇ ಗ್ರೂಪುಗಳಿಗೆ ‘ತಿದ್ದುಪಡಿ:’ ಎಂದು ಶುರುವಾಗುವ ಹೊಸ ಹೆಡ್ಡಿಂಗಿನೊಂದಿಗೆ ಮತ್ತೆ ಕಳಿಸಿ. ಪುಟದ ಕೊನೆಯಲ್ಲಿ ಏನು ಬದಲಾಯಿತು, ಎಷ್ಟು ಗಂಟೆಗೆ ಎಂದು ಒಂದು ಸಾಲು ಬರೆಯಿರಿ.

ನೀವು ಮೂವರು ಇದ್ದೀರಿ, ಅದು ದೊಡ್ಡ ಅನುಕೂಲ. ನಿಮ್ಮ ಮೂವರದ್ದೇ ಒಂದು ಗ್ರೂಪ್ ಮಾಡಿ. ಸುದ್ದಿ ಬರೆದವರು ಲಿಂಕನ್ನು ಮೊದಲು ಅಲ್ಲಿಗೆ ಹಾಕಲಿ. ಉಳಿದ ಇಬ್ಬರಲ್ಲಿ ಒಬ್ಬರು ಒಳಗೆ ಹೋಗದೆ, ಬರಿ ಕಾರ್ಡ್ ನೋಡಿ, ತಮಗೆ ಏನು ಅರ್ಥವಾಯಿತು ಎಂದು ಒಂದು ಸಾಲು ಬರೆಯಲಿ. ಆ ಸಾಲು ವರದಿಗೆ ಹೊಂದಿದರೆ ಮಾತ್ರ ಊರಿನ ಗ್ರೂಪುಗಳಿಗೆ ಕಳಿಸಿ. ಯಕ್ಷಗಾನದ ಬರಹ, ಹಲಸಿನ ಅಡುಗೆ, ಭಾನುವಾರದ ಹರಟೆಗೆ ಈ ಬಿಗಿ ಬೇಡ. ಅಲ್ಲಿ ಸ್ವಲ್ಪ ಆಟವಾಡಿ, ಪ್ರಾಸ ಹಾಕಿ, ಕುತೂಹಲ ಉಳಿಸಿ. ರಜೆ, ದರ, ಪೊಲೀಸ್ ಕೇಸು, ಆಸ್ಪತ್ರೆ, ಮಳೆ, ಈ ಐದರಲ್ಲಿ ಮಾತ್ರ ಆ ಒಂದು ಸಾಲಿನ ಉತ್ತರ ಬರುವ ತನಕ ಕಾಯಿರಿ, ಬೇರೆ ಸೈಟಿನವರು ಐದು ನಿಮಿಷ ಮುಂಚೆ ಹಾಕಿದರೂ.